ಅಮೆರಿಕದ ಪ್ರೆಸ್ಬಿಟೀರಿಯನ್ ಚರ್ಚಿಗೆ ಸದಸ್ಯನಾಗಿ ಸೇರಿದರೆ ಉಡುಪಿಯ ನಮ್ಮ ಸಭೆಯಲ್ಲಿ ಹೆಸರು ಉಳಿಯುತ್ತದಾ?

ಎಂಎಸ್‌ಗೆ ಪಿಟ್ಸ್‌ಬರ್ಗಿಗೆ ಹೋಗ್ತಿದ್ದೀರಿ, ಊರಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಅಲ್ಲಿ ರೂಮಿನ ಹತ್ತಿರದ ಪ್ರೆಸ್ಬಿಟೀರಿಯನ್ ಅನ್ನುವ ಪ್ರೊಟೆಸ್ಟಂಟ್ ಪಂಥದ ಚರ್ಚಿನ ಬೋರ್ಡಿನಲ್ಲಿ 'ಎಲ್ಲರಿಗೂ ಸ್ವಾಗತ' ಅಂತ ಇದೆ, ಆದರೆ ಸದಸ್ಯನಾಗದೆ ಒಳಗೆ ಸೇರಿಸಿಕೊಳ್ಳುತ್ತಾರಾ ಅಂತ ನಿಮ್ಮ ಚಿಂತೆ. ನನಗೂ ಇದೇ ಚಿಂತೆ ಇತ್ತು. ಅದರಲ್ಲೇ ಒಂದು ಫಾರ್ಮಿನ ತಪ್ಪು ಚೌಕಕ್ಕೆ ಟಿಕ್ ಹಾಕಿದೆ, ಮದುವೆ ನಾಲ್ಕು ತಿಂಗಳು ಮುಂದೆ ಹೋಯಿತು.

ಬಿಡಿಸಿ ಹೇಳ್ತೇನೆ. ಹೊಸ ಸದಸ್ಯರ ತರಗತಿ ಮುಗಿದ ಮೇಲೆ ಕೊಡುವ ಕಾಗದದಲ್ಲಿ ಮೂರು ದಾರಿ ಇರುತ್ತವೆ. ಮೊದಲ ಸಲ ನಂಬಿಕೆ ಒಪ್ಪಿಕೊಳ್ಳುವವರಿಗೆ 'ಪ್ರೊಫೆಶನ್ ಆಫ್ ಫೇತ್'. ಹಿಂದೆ ಎಲ್ಲೋ ಸದಸ್ಯರಾಗಿದ್ದು ನಂಟು ತಪ್ಪಿದವರಿಗೆ 'ರೀಅಫರ್ಮೇಶನ್'. ಈಗಲೂ ಒಂದು ಸಭೆಯಲ್ಲಿ ಹೆಸರಿರುವವರಿಗೆ 'ಲೆಟರ್ ಆಫ್ ಟ್ರಾನ್ಸ್‌ಫರ್'. ಮೂರನೆಯದು ಊರಿನ ಸಭಾಪಾಲಕರಿಗೆ, ಅಂದರೆ ಪಾಸ್ಟರಿಗೆ, ಮರ್ಯಾದೆ ಕೊಟ್ಟ ಹಾಗೆ ಅಂತ ನನಗೆ ಕಂಡಿತು. ಅದು ಕಾಲೇಜಿನ ಟಿಸಿ ಇದ್ದ ಹಾಗೆ ಮಾರಾಯ್ರೆ! ಅಲ್ಲಿಂದ ಪತ್ರ ಬಂತು, ಇಲ್ಲಿಂದ ಪತ್ರ ಹೋಯಿತು, ಕುಟುಂಬ ರಿಜಿಸ್ಟರಿನಲ್ಲಿ ಅಪ್ಪ ಅಮ್ಮನ ಕೆಳಗೆ ನನ್ನ ಹೆಸರಿಗೆ ಕೆಂಪು ಗೆರೆ ಬಿತ್ತು. ಪಕ್ಕದಲ್ಲಿ 'ವರ್ಗಾವಣೆ'.

ಗೊತ್ತಾದದ್ದು ಡಿಸೆಂಬರ್ ಮೂರನೇ ವಾರ, ಮದುವೆಗೆಂದು ಊರಿಗೆ ಬಂದಾಗ. ಜನವರಿ ಎರಡನೇ ವಾರಕ್ಕೆ ಹಾಲ್ ಬುಕ್ಕಾಗಿತ್ತು, ಅದಕ್ಕೆ ಮುಂಚೆ ಮೂರು ಭಾನುವಾರ ಸಭೆಯಲ್ಲಿ ಮದುವೆಯ ಪ್ರಕಟಣೆ ಆಗಬೇಕು. ಹೆಸರೇ ಇಲ್ಲದವನದ್ದು ಏನು ಪ್ರಕಟಣೆ? ಹೆಸರು ವಾಪಸ್ ತರುವ ಪತ್ರಕ್ಕೆ ಅಲ್ಲಿನ ಪಾಸ್ಟರಿಗೆ ಫೋನ್ ಮಾಡಿದೆ. ಪಾಪ, ಒಳ್ಳೆಯ ಮನುಷ್ಯ, ಆದರೆ ಪತ್ರ ಕೊಡುವ ಅಧಿಕಾರ ಅವರೊಬ್ಬರದ್ದಲ್ಲ. ಸೆಷನ್ ಅನ್ನುವ ಮಂಡಳಿ ಒಪ್ಪಬೇಕು, ಅದರ ಡಿಸೆಂಬರಿನ ಮೀಟಿಂಗ್ ಮುಗಿದಿತ್ತು, ಮುಂದಿನದು ಜನವರಿ ಕೊನೆಗೆ. ಅಷ್ಟರಲ್ಲಿ ನನ್ನ ರಜೆ ಮುಗಿಯಿತು, ಹಾಲಿನ ಅಡ್ವಾನ್ಸ್ ಹೋಯಿತು, ಮದುವೆ ಇಟ್ಟುಕೊಳ್ಳದ ಉಪವಾಸದ ಕಾಲ ಲೆಂಟ್ ಬಂತು, ಮದುವೆ ಮೇ ತಿಂಗಳಿಗೆ ಬಿತ್ತು.

ಆ ಸೆಷನ್ ಅಂದರೇನು ಅಂತ ಗೊತ್ತಾದರೆ ಪ್ರೆಸ್ಬಿಟೀರಿಯನ್ನರು ಅರ್ಧ ಅರ್ಥವಾದ ಹಾಗೆ. ಅವರಲ್ಲಿ ಬಿಷಪ್ ಇಲ್ಲ. ಸಭೆಯವರು ಓಟು ಹಾಕಿ ಆರಿಸಿದ ಹಿರಿಯರು ಮತ್ತು ಪಾಸ್ಟರ್ ಕೂತು ನಡೆಸುವ ಮಂಡಳಿಯೇ ಸೆಷನ್. ಹಿರಿಯರ ಒಂದು ಅವಧಿ ಹೆಚ್ಚೆಂದರೆ 3 ವರ್ಷ, ಸತತವಾಗಿ 6 ವರ್ಷ ಮೀರುವಂತಿಲ್ಲ. ನಮ್ಮಲ್ಲಿ ಮಾಡರೇಟರ್ ಅಂದರೆ ಇಡೀ ಸಿಎಸ್‌ಐಗೆ ದೊಡ್ಡ ಬಿಷಪ್. ಅವರಲ್ಲಿ ಮೀಟಿಂಗಿನ ಅಧ್ಯಕ್ಷ, ಅಷ್ಟೇ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅಂತ ನನ್ನ ಅಭಿಪ್ರಾಯ. ಸ್ವಾಗತಕ್ಕೂ ಸದಸ್ಯತ್ವಕ್ಕೂ ಸಂಬಂಧವಿಲ್ಲ. ಸದಸ್ಯನಲ್ಲದವನೂ ಆರಾಧನೆಗೆ ಬರಬಹುದು, ಕ್ವಯರಿನಲ್ಲಿ ಹಾಡಬಹುದು, ಆಸ್ಪತ್ರೆಯಲ್ಲಿ ಮಲಗಿದರೆ ಪಾಸ್ಟರ್ ನೋಡಲು ಬರುತ್ತಾರೆ. ಅಷ್ಟು ಸಾಲದು ಅನಿಸಿದರೆ 'ಅಫಿಲಿಯೇಟ್ ಮೆಂಬರ್' ಅಂತ ಕೇಳಿ. ತಾತ್ಕಾಲಿಕವಾಗಿ ಊರು ಬಿಟ್ಟು ಬಂದವರಿಗೆಂದೇ ಇರುವ ವ್ಯವಸ್ಥೆ ಅದು, ಊರಿನ ಸಭೆಯ ಹೆಸರು ಅಲ್ಲೇ ಇರುತ್ತದೆ. ಊರಿನ ಸಭಾಪಾಲಕರಿಂದ 'ಇವರು ನಮ್ಮ ಸಭೆಯ ಸದಸ್ಯರು, ನಡತೆ ಸರಿಯಿದೆ' ಅನ್ನುವ ಪತ್ರ ಬೇಕು, ಅಲ್ಲಿನ ಸೆಷನ್ ಒಪ್ಪಬೇಕು. ಓಟಿಲ್ಲ, ಹುದ್ದೆಯಿಲ್ಲ; ಉಳಿದದ್ದೆಲ್ಲ ಉಂಟು.

ಮತ ಬದಲಾಯಿಸಿದ ಹಾಗಾಗುತ್ತದೆ ಅನ್ನುವ ಭಯವೂ ಬೇಡ. ನಮ್ಮ ಕರಾವಳಿಯ ಸಭೆಗಳ ಮೂಲವಾದ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನಲ್ಲೇ ಲೂಥರನ್ನರೂ ಇದ್ದರು, ಪ್ರೆಸ್ಬಿಟೀರಿಯನ್ನರ ಬೇರಾದ ಕ್ಯಾಲ್ವಿನನ ರಿಫಾರ್ಮ್ಡ್ ಪಂಥದವರೂ ಇದ್ದರು. 1947ರ ಸೆಪ್ಟೆಂಬರ್ 27ರಂದು ಸಿಎಸ್‌ಐ ಹುಟ್ಟಿದಾಗ ಒಂದಾದವರಲ್ಲಿ ಪ್ರೆಸ್ಬಿಟೀರಿಯನ್ನರೂ ಇದ್ದರು. ಎರಡೇ ಸಂಸ್ಕಾರ, ಮಕ್ಕಳಿಗೂ ದೀಕ್ಷಾಸ್ನಾನ, ಅಪೊಸ್ತಲರ ವಿಶ್ವಾಸಪ್ರಮಾಣ, ಎಲ್ಲ ನಿಮಗೆ ಗೊತ್ತಿದ್ದದ್ದೇ.

ಎಡವುವುದು ಸಣ್ಣ ವಿಷಯಗಳಲ್ಲಿ. ಕರ್ತನ ಭೋಜನಕ್ಕೆ ಇಲ್ಲಿನ ಹಾಗೆ ಎದ್ದು ಹೋಗಿ ಮೊಣಕಾಲೂರಲು ಹೊರಡಬೇಡಿ. ಹಲವು ಕಡೆ ಹಿರಿಯರು ತಟ್ಟೆಯನ್ನು ಬೆಂಚಿನಿಂದ ಬೆಂಚಿಗೆ ದಾಟಿಸುತ್ತಾರೆ. ರೊಟ್ಟಿ ಸಿಕ್ಕ ಕೂಡಲೇ ಬಾಯಿಗೆ ಹಾಕದೆ ಎಲ್ಲರಿಗೂ ತಲುಪುವವರೆಗೆ ಕೈಯಲ್ಲಿ ಹಿಡಿದಿರಿ. ಆಮೇಲೆ ಬೆರಳುದ್ದದ ಕಪ್ಪಿನಲ್ಲಿ ದ್ರಾಕ್ಷಿ ರಸ. ಕುಡಿದ ಖಾಲಿ ಕಪ್ಪಿಗೆ ಮುಂದಿನ ಬೆಂಚಿನ ಬೆನ್ನಲ್ಲಿ ದುಂಡಗೆ ಕೊರೆದ ತೂತು ಇರುತ್ತದೆ. ಕೆಲವು ಕಡೆ ಸಾಲಾಗಿ ಹೋಗಿ ರೊಟ್ಟಿಯನ್ನು ಪಾತ್ರೆಯಲ್ಲಿ ಅದ್ದಿ ತಿನ್ನುವುದೂ ಉಂಟು. ಮುಂದಿನವರನ್ನು ನೋಡಿ ಮಾಡಿ. ಕರ್ತನ ಪ್ರಾರ್ಥನೆಯಲ್ಲಿ 'ಟ್ರೆಸ್‌ಪಾಸಸ್' ಬದಲು 'ಡೆಟ್ಸ್', ಅಂದರೆ ಸಾಲ, ಅನ್ನುತ್ತಾರೆ. ನೀವು ಉದ್ದದ ಶಬ್ದ ಹೇಳುತ್ತಾ ನಿಂತರೆ ಇಡೀ ಚರ್ಚು ಮುಂದೆ ಹೋಗಿ ನಿಮ್ಮೊಬ್ಬರ ಸ್ವರ ಕೇಳುತ್ತದೆ.

ಇನ್ನು 'ಪ್ರೆಸ್ಬಿಟೀರಿಯನ್' ಅನ್ನುವ ಬೋರ್ಡು ನೋಡಿ ಎಲ್ಲ ಒಂದೇ ಅಂದುಕೊಳ್ಳಬೇಡಿ. ನಾನು ಹೇಳಿದ ನಿಯಮಗಳು ಪಿಸಿಯುಎಸ್‌ಎ ಅನ್ನುವ ದೊಡ್ಡ ಸಂಘದವು. ಅಲ್ಲಿ ಮಹಿಳಾ ಪಾಸ್ಟರುಗಳಿದ್ದಾರೆ. 2015ರಿಂದ ಒಂದೇ ಲಿಂಗದವರ ಮದುವೆಗೂ ಅವಕಾಶವಿದೆ, ಆದರೆ ಯಾವ ಪಾಸ್ಟರಿಗೂ ಸೆಷನ್ನಿಗೂ ಕಡ್ಡಾಯವಲ್ಲ. 1973ರಲ್ಲಿ ಹುಟ್ಟಿದ ಪಿಸಿಎ ಬೇರೆ ಸಂಘ. ಅಲ್ಲಿ ಇವೆರಡೂ ಇಲ್ಲ. ಯಾವುದು ನಿಮಗೆ ಒಪ್ಪಿಗೆ ಅನ್ನುವುದು ನಿಮ್ಮ ಲೆಕ್ಕ, ಬಾಗಿಲ ಬೋರ್ಡಿನ ಸಣ್ಣ ಅಕ್ಷರ ಮಾತ್ರ ಮೊದಲೇ ಓದಿ.

ವಿಮಾನ ಹತ್ತುವ ಮುಂಚೆ ಸಭಾಪಾಲಕರ ಪತ್ರ ಎರಡು ಪ್ರತಿ ಮಾಡಿಸಿಕೊಳ್ಳಿ. ಊರಿನ ಸಭೆಯಲ್ಲಿ ಹೆಸರು ಉಳಿಯಲಿಕ್ಕೆ ಎರಡು ವರ್ಷದ ವಂತಿಗೆ ಮುಂಗಡ ಕಟ್ಟಿ, ರಸೀದಿ ಅಮ್ಮನ ಹತ್ತಿರ ಕೊಟ್ಟು ಹೋಗಿ.