ಆಂಟಿ-ರೋ ಪಾಸಿಟಿವ್ ಬಂದಿದೆ, ಆದರೆ ನನಗೇನೂ ಕಾಯಿಲೆ ಇಲ್ಲ. 11 ವಾರ ಈಗ. ವಾರ ವಾರ ಮಗುವಿನ ಹಾರ್ಟ್ ಸ್ಕ್ಯಾನ್ ನಿಜವಾಗಲೂ ಬೇಕಾ, ಸುಮ್ನೆ ದುಡ್ಡಿಗಾ?

"ನನಗೇನೂ ಕಾಯಿಲೆ ಇಲ್ಲ." ನಾನೂ ಇದನ್ನೇ ಬರೆದಿದ್ದೆ, 2016ರಲ್ಲಿ, ವಿಜಯನಗರದ ಒಂದು ಕ್ಲಿನಿಕ್ಕಿನ ಫಾರಂನಲ್ಲಿ.

ಅದಕ್ಕೂ ಎರಡು ವರ್ಷ ಮುಂಚಿನಿಂದ ಕಣ್ಣಲ್ಲಿ ಮರಳು ಬಿದ್ದ ಹಾಗೆ ಉರಿ. ದಿನವಿಡೀ ಲ್ಯಾಪ್‌ಟಾಪ್, ಮೇಲೆ ಬೆಂಗಳೂರಿನ ಧೂಳು, ಇನ್ನೇನಾಗುತ್ತದೆ ಅಂದುಕೊಂಡೆ. ಬಾಯಿಯೂ ಒಣಗುತ್ತಿತ್ತು, ಕೋಡುಬಳೆ ತಿನ್ನಬೇಕಾದರೆ ಪಕ್ಕದಲ್ಲಿ ನೀರಿನ ಲೋಟ ಇರಲೇಬೇಕು. ಕಣ್ಣಿನ ಡಾಕ್ಟರಿಗೆ ಅನುಮಾನ ಬಂದು ರಕ್ತ ಪರೀಕ್ಷೆ ಬರೆದರು. ಆಂಟಿ-ರೋ ಪಾಸಿಟಿವ್, ಅಂದರೆ ನಮ್ಮ ದೇಹದ ಮೇಲೇ ತಿರುಗಿಬೀಳುವ ಒಂದು ಪ್ರತಿಕಾಯ ರಕ್ತದಲ್ಲಿದೆ. ಕಣ್ಣು, ಬಾಯಿ ಒಣಗಿಸುವ ಶೋಗ್ರೆನ್ಸ್ ಅನ್ನುವ ಕಾಯಿಲೆ ಇರಬಹುದು, ಇಂಥದ್ದನ್ನು ನೋಡುವ ರುಮಟಾಲಜಿಸ್ಟ್‌ಗೆ ತೋರಿಸಿ ಅಂದರು. ನಾನು ಡ್ರಾಪ್ಸ್ ತಗೊಂಡು ಮನೆಗೆ ಬಂದೆ. ರಿಪೋರ್ಟ್ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಹೋಯಿತು.

ಈಗ ಆ ಫಾರಂ. ಶುಗರ್, ಬಿಪಿ, ಥೈರಾಯ್ಡ್ ಅಂತ ಮೂರು ಚೌಕ, ಅದರ ಕೆಳಗೆ "ಇತರೆ" ಅಂತ ಒಂದು ಖಾಲಿ ಗೆರೆ. ಪೆನ್ ಹಿಡಿದು ಅಲ್ಲಿ ನಿಂತಿದ್ದು ಇವತ್ತಿಗೂ ನೆನಪಿದೆ. ರಿಪೋರ್ಟ್ ಮರೆತಿರಲಿಲ್ಲ, ಗಮನಿಸಿ. ಕಣ್ಣು ಒಣಗುವುದನ್ನು ಹೆರಿಗೆ ಡಾಕ್ಟರ್ ಹತ್ತಿರ ಹೇಳಿದರೆ ನಕ್ಕಾರು ಅನ್ನಿಸಿತು, ಹಿಂದೆ ಕ್ಯೂ ಬೇರೆ ಇತ್ತು, "ಇಲ್ಲ" ಅಂತ ಬರೆದು ಕೊಟ್ಟೆ. ಡಾಕ್ಟರ್ ನನ್ನನ್ನು ಕೇಳಲೇ ಇಲ್ಲ ಅಂತ ಆಮೇಲೆ ಎಷ್ಟೋ ಜನರ ಹತ್ತಿರ ಹೇಳಿಕೊಂಡು ತಿರುಗಿದೆ. ಕೇಳಿದ್ದರು. ಗೆರೆ ಇತ್ತು.

ತಾಯಿಯ ಪ್ರತಿಕಾಯಗಳು ಮಾಸು ದಾಟಿ ಮಗುವಿಗೆ ಹೋಗುತ್ತವೆ. ನಮ್ಮ ಸೋಂಕು ತಡೆಯುವ ಶಕ್ತಿ ಮಗುವಿಗೆ ಸಿಗುವುದೇ ಹಾಗೆ. ಅದೇ ದಾರಿಯಲ್ಲಿ ಆಂಟಿ-ರೋ ಕೂಡ ನುಗ್ಗುತ್ತದೆ. ಕೆಲವು ಮಕ್ಕಳಲ್ಲಿ, ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಕರೆಂಟ್ ದಾಟಿಸುವ ಜಾಗದಲ್ಲಿ ಉರಿಯೂತ ಆಗಿ ಗಾಯದ ಕಲೆ ಕಟ್ಟುತ್ತದೆ, ಕರೆಂಟ್ ದಾಟುವುದಕ್ಕೆ ಅಡ್ಡಿಯಾಗುತ್ತದೆ. ಹಾರ್ಟ್ ಬ್ಲಾಕ್ ಅನ್ನುವುದು ಇದನ್ನೇ. ಜಾಸ್ತಿ ಆಗುವುದು 18ರಿಂದ 24 ವಾರದೊಳಗೆ. ಇದಕ್ಕೆ ತಾಯಿಗೆ ಕಾಯಿಲೆ ಇರಬೇಕಾಗಿಯೇ ಇಲ್ಲ. ತಮ್ಮ ರಕ್ತದಲ್ಲಿ ಇಂಥದ್ದೊಂದು ಇದೆ ಅಂತ ಎಷ್ಟೋ ಹೆಂಗಸರಿಗೆ ಗೊತ್ತಾಗುವುದೇ ಮಗುವಿನ ಎದೆಬಡಿತ ನಿಧಾನ ಆದ ಮೇಲೆ. ಹಾಗಾಗಿ "ನನಗೇನೂ ಇಲ್ಲ" ಅನ್ನುವ ನಿಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ.

22ನೇ ವಾರ ಚೆಕಪ್‌ಗೆ ಹೋದಾಗ ಸಿಸ್ಟರ್ ಮಗುವಿನ ಎದೆಬಡಿತ ಕೇಳಿಸುವ ಡಾಪ್ಲರನ್ನು ಹೊಟ್ಟೆಯ ಮೇಲೆ ಅಲ್ಲಿ ಇಲ್ಲಿ ಇಟ್ಟು ನೋಡಿದರು, ಮೆಷಿನ್ ಸರಿ ಇಲ್ಲ ಅಂತ ಇನ್ನೊಂದು ತಂದರು. ಅದೂ 62 ಅಂದಿತು. 110ರಿಂದ 160 ಇರಬೇಕಾದದ್ದು. ಫೀಟಲ್ ಎಕೋದಲ್ಲಿ, ಅಂದರೆ ಹೊಟ್ಟೆಯೊಳಗಿನ ಮಗುವಿನ ಹಾರ್ಟ್ ಸ್ಕ್ಯಾನ್‌ನಲ್ಲಿ, ಮೇಲಿನ ಕೋಣೆ 140, ಕೆಳಗಿನದು 62, ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಬಡಿಯುತ್ತಿದ್ದವು. "ಕಣ್ಣು, ಬಾಯಿ ಒಣಗುತ್ತಾ ನಿಮಗೆ?" ಅಂತ ಎಕೋ ಮಾಡಿದ ಡಾಕ್ಟರ್ ಕೇಳಿದರು. ಬೀರು ಕಣ್ಣ ಮುಂದೆ ಬಂತು.

ಪೂರ್ತಿ ಬ್ಲಾಕ್ ಆದ ಮೇಲೆ ಅದು ವಾಪಸ್ ಸರಿಹೋಗುವುದಿಲ್ಲ. ಗ್ರಹಣದ ದಿನ ತರಕಾರಿ ಹೆಚ್ಚಿದ್ದಕ್ಕೇ ಹೀಗಾಯಿತು ಅಂದರು ಅತ್ತೆ. ಗ್ರಹಣವೇ ಕಾರಣ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು ನನಗೆ. 37 ವಾರಕ್ಕೆ ಸಿಸೇರಿಯನ್, ನಾಲ್ಕನೇ ದಿನ ಪೇಸ್‌ಮೇಕರ್, ಅಂಗೈಯಷ್ಟು ಹೊಟ್ಟೆಯಲ್ಲಿ ಬ್ಯಾಟರಿ. ಈಗ ಓಣಿಯಲ್ಲಿ ಕ್ರಿಕೆಟ್ ಆಡುತ್ತಾನೆ, ಔಟಾದರೆ ಒಪ್ಪುವುದಿಲ್ಲ.

ಇದು ಆಗುವುದು ಆಂಟಿ-ರೋ ಇರುವ 100 ತಾಯಂದಿರಲ್ಲಿ ಒಬ್ಬಿಬ್ಬರ ಮಗುವಿಗೆ, ನಿಜ. ಮೊದಲ ಬಸಿರಿಗೆ ವಾರ ವಾರ ಬೇಕಾ, ಎರಡು ವಾರಕ್ಕೊಮ್ಮೆ ಸಾಕಾ ಅನ್ನುವುದರಲ್ಲಿ ಡಾಕ್ಟರ್‌ಗಳಲ್ಲೇ ಒಮ್ಮತ ಇಲ್ಲ. ಬ್ಲಾಕ್ ಒಂದೇ ದಿನದಲ್ಲೂ ಆಗಬಹುದು, ಎರಡು ಸ್ಕ್ಯಾನ್ ನಡುವೆ. ಆದರೂ "ದುಡ್ಡಿಗಾ" ಅನ್ನುವ ನಿಮ್ಮ ಮಾತು ನನಗೆ ಹಿಡಿಸಲಿಲ್ಲ. ನನ್ನನ್ನು ಕೇಳಿದರೆ ಮಾಡಿಸಿ, ಆದರೆ ಸ್ಕ್ಯಾನ್ ಬಗ್ಗೆ ತಲೆ ಕೆಡಿಸಿಕೊಳ್ಳುವ ಮುಂಚೆ ಈ ವಾರವೇ ರುಮಟಾಲಜಿಸ್ಟ್ ಹತ್ತಿರ ಹೋಗಿ ಹೈಡ್ರಾಕ್ಸಿಕ್ಲೋರೋಕ್ವಿನ್ ಬೇಕಾ ಅಂತ ಕೇಳಿ. 2020ರಲ್ಲಿ ಕೊರೋನಾ ಮಾತ್ರೆ ಅಂತ ಜನ ಮುಗಿಬಿದ್ದು, ನಮ್ಮಂಥವರಿಗೆ ಮೆಡಿಕಲ್ ಸ್ಟೋರ್‌ನಲ್ಲಿ ಸಿಗದ ಹಾಗೆ ಮಾಡಿದರಲ್ಲ, ಅದೇ. ಮೊದಲ ಮಗುವಿಗೆ ಬ್ಲಾಕ್ ಆಗಿದ್ದ ತಾಯಂದಿರಿಗೆ ದಿನಕ್ಕೆ 400 ಮಿಲಿಗ್ರಾಂ ಕೊಟ್ಟ ಅಧ್ಯಯನ ಅದೇ ವರ್ಷ ಬಂತು: ಮತ್ತೆ ಬ್ಲಾಕ್ ಆಗುವುದು 100ಕ್ಕೆ ಸುಮಾರು 18ರಿಂದ 7ರ ಆಸುಪಾಸಿಗೆ ಇಳಿದಿತ್ತು. 2021ರಲ್ಲಿ ಎರಡನೇ ಸಲ ಬಸಿರಾದಾಗ ಮೊದಲಿಂದಲೇ ಆ ಮಾತ್ರೆಯ ಮೇಲಿದ್ದೆ. 16ರಿಂದ 26ರವರೆಗೆ ವಾರಕ್ಕೊಂದು ಎಕೋ, ನಡುನಡುವೆ ಮನೆ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಎದೆಬಡಿತ ಕೇಳಿಸಿಕೊಂಡು ಬರುತ್ತಿದ್ದೆ.

ಮಗಳಿಗೆ ಬ್ಲಾಕ್ ಆಗಲಿಲ್ಲ. ಹುಟ್ಟಿದ ಮೇಲೆ ಮುಖದಲ್ಲಿ ಕೆಂಪು ಕಲೆ ಎದ್ದಿತ್ತು, ಅದೂ ಈ ಪ್ರತಿಕಾಯಗಳದ್ದೇ ಕೆಲಸ. ಅವಳ ರಕ್ತದಿಂದ ಅವು ಖಾಲಿಯಾದ ಹಾಗೆ, ಏಳೆಂಟು ತಿಂಗಳಲ್ಲಿ ಕಲೆಯೂ ಹೋಯಿತು. ದೃಷ್ಟಿ ತೆಗೆದಿದ್ದಕ್ಕೆ ಹೋಯಿತು ಅಂತಾರೆ ಅತ್ತೆ.