ಬೆಲ್ಜಿಯನ್ ಶೈಲಿಯ ಕ್ರಾಫ್ಟ್ ಬಿಯರಿನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಯಾಕೆ ಬರುತ್ತದೆ?

ಅವೆರಡನ್ನೂ ಸಾಮಾನ್ಯವಾಗಿ ಯಾರೂ ಹಾಕಿರುವುದಿಲ್ಲ, ಅದು ಯೀಸ್ಟ್ ಮಾಡುವ ಕೆಲಸ. ಬೆಲ್ಜಿಯನ್ ಯೀಸ್ಟ್ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವಾಗ ಎಸ್ಟರ್, ಫೀನಾಲ್ ಅನ್ನೋ ಪರಿಮಳದ ವಸ್ತುಗಳನ್ನೂ ಬಿಡುತ್ತದೆ. ಬಾಳೆಹಣ್ಣಿನ ವಾಸನೆ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರಿನದು. ಹಣ್ಣಿನಲ್ಲೂ ಅದೇ ಇದೆ. ಲವಂಗದ ಘಾಟು ಫೀನಾಲಿನದು. ಲಾಗರ್ ಅನ್ನೋ ಮಾಮೂಲಿ ಬಿಯರ್ ಸುಮಾರು 10 ಡಿಗ್ರಿ ತಂಪಿನಲ್ಲಿ ಹುದುಗುತ್ತದೆ, ಬೆಲ್ಜಿಯನ್ ಬಿಯರ್ 20ರ ಆಸುಪಾಸು ಅಥವಾ ಅದಕ್ಕೂ ಮೇಲೆ. ಬೆಚ್ಚಗಿದ್ದಷ್ಟೂ ಎಸ್ಟರ್ ಜಾಸ್ತಿ.

ಗೋಧಿ ಹಾಕಿ ಮಾಡುವ ಬೆಲ್ಜಿಯನ್ ಬಿಯರ್ ವಿಟ್‌ಬಿಯರ್ ಕಥೆ ಸ್ವಲ್ಪ ಬೇರೆ, ಅದಕ್ಕೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ನಿಜವಾಗಿಯೂ ಬೀಳುತ್ತವೆ.

ಕಲಬುರಗಿ ಬಿಸಿಲಿಗೆ ಐಸ್‌ನಷ್ಟು ತಣ್ಣಗೆ ಬೇಕನ್ನಿಸುತ್ತದೆ, ಅಲ್ವಾ? ಆದರೆ ಅಷ್ಟು ತಣ್ಣಗಿದ್ದರೆ ವಾಸನೆ ಮೇಲೇಳುವುದಿಲ್ಲ, ದುಡ್ಡು ಸುಮ್ನೆ ದಂಡ. ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಬಿಡಿ. ನಮ್ಮ ಮೇ ತಿಂಗಳಲ್ಲಾದರೆ ಐದೇ ಸಾಕು. ಅಗಲ ಬಾಯಿಯ ಗ್ಲಾಸಿಗೆ ಸುರಿದು, ಮೊದಲು ಮೂಸಿ ನೋಡಿ.