ಎರ್ದಿಗ್ ಮನೆಯ ಲೇಖನ: ಗೋಡೆಯಿಂದ ಶುರುಮಾಡಿ

ನಮಸ್ಕಾರ.

ವೇಲ್ಸಿನ ರೆಕ್ಸ್‌ಹ್ಯಾಮ್ ಊರಿನ ಪಕ್ಕದ ಎರ್ದಿಗ್ ಮನೆಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಹಾಕಲಾಗದು. ವಿಷಯ ತುಂಬ ಒಳ್ಳೆಯದು, ಮನೆಯನ್ನು ಕಣ್ಣಾರೆ ನೋಡಿದ್ದೀರಿ ಎಂಬುದೂ ಗೊತ್ತಾಗುತ್ತದೆ. ಆದರೆ ಎರಡು ಪುಟ ಓದಿದ ಮೇಲೂ ಮನೆ ಎತ್ತ ಮುಖ ಮಾಡಿದೆ, ಗೋಡೆ ಯಾವುದರದ್ದು, ಯಾವ ಭಾಗ ಯಾರು ಕಟ್ಟಿಸಿದರು ಎಂಬುದು ತಿಳಿಯುವುದಿಲ್ಲ. ವಾಸ್ತುವಿನ ಲೇಖನದಲ್ಲಿ ಇವು ಮೊದಲು ಬರಬೇಕು.

‘ಯಾರ್ಕ್ ಮನೆತನ ಕಟ್ಟಿಸಿದ ಭವ್ಯ ಕಲ್ಲಿನ ಸೌಧ’ ಎಂದು ಬರೆದಿದ್ದೀರಿ. ಒಂದೇ ವಾಕ್ಯದಲ್ಲಿ ಎರಡು ತಪ್ಪು. 1684ರಿಂದ 1687ರೊಳಗೆ ಕಟ್ಟಿಸಿದವರು ಜೊಸಾಯಾ ಎಡಿಸ್‌ಬರಿ, ನಕ್ಷೆ ಥಾಮಸ್ ವೆಬ್ ಅವರದು. ಎಡಿಸ್‌ಬರಿ ಸಾಲದಲ್ಲಿ ಮುಳುಗಿದರು. ಆಮೇಲೆ ಕೊಂಡ ಲಂಡನ್ನಿನ ಕಾನೂನುತಜ್ಞ ಜಾನ್ ಮೆಲ್ಲರ್ 1720ರ ದಶಕದಲ್ಲಿ ಎರಡೂ ಬದಿಗೆ ರೆಕ್ಕೆಗಳನ್ನು, ಅಂದರೆ ಪಕ್ಕದ ಕಟ್ಟಡಗಳನ್ನು, ಸೇರಿಸಿದರು. ಮಕ್ಕಳಿಲ್ಲದ ಅವರು 1733ರಲ್ಲಿ ತೀರಿಕೊಂಡಾಗ ಮನೆ ಸೋದರಳಿಯ ಸೈಮನ್ ಯಾರ್ಕ್‌ಗೆ ಬಂತು. ಯಾರ್ಕ್‌ಗಳ ಕೈಸೇರುವ ಹೊತ್ತಿಗೆ ಮನೆಯ ಉದ್ದಗಲ ಬಹುಪಾಲು ನಿಗದಿಯಾಗಿತ್ತು.

ಇನ್ನು ಕಲ್ಲು. ಇದು ಇಟ್ಟಿಗೆಯ ಮನೆ. ನಿಮಗೆ ಕಂಡ ಕಲ್ಲು ಪಶ್ಚಿಮದ ಮುಖದಲ್ಲಿ ಮಾತ್ರ ಇದೆ, ಅದು 1772–73ರಲ್ಲಿ ವಾಸ್ತುಶಿಲ್ಪಿ ಜೇಮ್ಸ್ ವ್ಯಾಟ್ ಹೊದಿಸಿದ್ದು. ತೋಟದ ಕಡೆಯ ಪೂರ್ವದ ಗೋಡೆ ಇಂದಿಗೂ ಕೆಂಪು ಇಟ್ಟಿಗೆಯದೇ. ಯಾಕೆ ಹೀಗೆ? ಆ ಸೀಮೆಯಲ್ಲಿ ಮಳೆಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ನೀರು ಹೀರಿದ ಇಟ್ಟಿಗೆಯೊಳಗೆ ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಇಟ್ಟಿಗೆಯ ಮೇಲ್ಮೈ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಮಳೆಗೆ ಸವೆದಿದ್ದ ಆ ಗೋಡೆಯನ್ನು ಕೆಡವದೆ, ಹೊರಮೈಗೆ ಕಲ್ಲು ಹೊದಿಸಿದರು. ಜೊತೆಗೆ ಆ ಕಾಲದ ಅಭಿರುಚಿಗೆ ಒಪ್ಪುವ ಸರಳ ಮುಖವೂ ದಕ್ಕಿತು. ಒಂದೇ ಮನೆಗೆ ಎರಡು ಮುಖಗಳು ಬಂದ ಈ ಬಗೆಯೇ ನಿಮ್ಮ ಲೇಖನದ ಬೆನ್ನೆಲುಬು. ನಿಮ್ಮ ಬರಹದಲ್ಲಿ ಇದರ ಸುಳಿವೇ ಇಲ್ಲದಿರುವುದು ನನಗೆ ನಿಜಕ್ಕೂ ಬೇಸರ ತಂದಿತು.

‘ಕಾಲದ ಹೊಡೆತಕ್ಕೆ ಸಿಕ್ಕಿ ಶಿಥಿಲವಾಯಿತು’ ಎಂಬ ಸಾಲನ್ನು ತೆಗೆದುಬಿಡಿ. ಈ ಮನೆಯನ್ನು ಮುರಿದದ್ದು ಕಲ್ಲಿದ್ದಲು. ಬರ್ಶಮ್ ಗಣಿಯ ಸುರಂಗಗಳು ಮನೆಯ ಕೆಳಗೇ ಹಾದವು. ಕಲ್ಲಿದ್ದಲು ತೆಗೆದ ಜಾಗದ ಮೇಲಿನ ಬಂಡೆ ಕುಸಿದಾಗ ನೆಲ ತಗ್ಗಾಗುತ್ತಾ ಬರುತ್ತದೆ. ಇಡೀ ಮನೆ ಒಂದೇ ಸಮ ಇಳಿದರೆ ಅಷ್ಟು ಹಾನಿಯಿಲ್ಲ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇಳಿದರೆ ಗೋಡೆ ಸೀಳುತ್ತದೆ, ಚಾವಣಿಯ ಸೀಸದ ಹಾಳೆ ಹರಿಯುತ್ತದೆ, ಚಾವಣಿಯಂಚಿನಲ್ಲಿ ಮಳೆನೀರು ಹರಿಯುವ ದೋಣಿಯ ಇಳಿಜಾರು ತಿರುಗುಮುರುಗಾಗಿ ನೀರು ಹೊರಹೋಗುವ ಬದಲು ಒಳಗೆ ಬರುತ್ತದೆ. ಎರ್ದಿಗ್ ಸುಮಾರು 5 ಅಡಿ ಕುಸಿಯಿತು. ಗಣ್ಯ ಅತಿಥಿಗಳ ಶಯನಗೃಹದ ಚೀನೀ ರೇಷ್ಮೆಯ ಮಂಚದ ಮೇಲೆ ನೀರು ಸುರಿದದ್ದು ಇದೇ ದಾರಿಯಿಂದ. ನೀವು ಮಂಚಕ್ಕೆ ಒಂದು ಇಡೀ ಪ್ಯಾರಾ ಕೊಟ್ಟಿದ್ದೀರಿ, ನೀರು ಬಂದ ದಾರಿ ಹೇಳಿಲ್ಲ. 1973ರಲ್ಲಿ ಫಿಲಿಪ್ ಯಾರ್ಕ್ ಮನೆಯನ್ನು ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಒಪ್ಪಿಸಿದ ಮೇಲೆ ಕಲ್ಲಿದ್ದಲು ಮಂಡಳಿಯಿಂದ 1,20,000 ಪೌಂಡ್ ಪರಿಹಾರ ಬಂತು, ಅಡಿಪಾಯಕ್ಕೆ ಹೊಸ ಆಸರೆ ಕೊಟ್ಟರು, 1977ರಲ್ಲಿ ಮನೆ ಜನರಿಗೆ ತೆರೆಯಿತು. ಇದನ್ನು ನಾಲ್ಕು ಸಾಲಲ್ಲಿ ಮುಗಿಸಿ.

ಸೇವಕರ ಭಾವಚಿತ್ರಗಳ ಭಾಗ ಚೆನ್ನಾಗಿದೆ, ಹಾಗೇ ಇರಲಿ. ಅಲ್ಲಿಗೆ ಅಡುಗೆಮನೆಯನ್ನು ಸೇರಿಸಿ. 1770ರ ದಶಕದಲ್ಲಿ ಬೆಂಕಿಯ ಭಯಕ್ಕೆ ಅದನ್ನು ಮುಖ್ಯ ಕಟ್ಟಡದಿಂದ ಬೇರ್ಪಡಿಸಿ ಕಟ್ಟಿದ್ದರು. ಕೆಲಸದವರು ಎಲ್ಲಿಂದ ಎಲ್ಲಿಗೆ ನಡೆಯುತ್ತಿದ್ದರು ಎಂಬುದು ಆಗ ತಾನಾಗಿ ಬರುತ್ತದೆ.

ತಿದ್ದಿದ ಪ್ರತಿ 800 ಪದ ಮೀರದಿರಲಿ. ಕೈಯಲ್ಲೇ ಬರೆದ ನಕ್ಷೆಯಾದರೂ ಸಾಕು, ಉತ್ತರ ದಿಕ್ಕು ಗುರುತಿಸಿ, ಎಡಿಸ್‌ಬರಿ, ಮೆಲ್ಲರ್, ವ್ಯಾಟ್ ಮೂವರ ಕೆಲಸಕ್ಕೆ ಮೂರು ಬಣ್ಣ ಹಾಕಿ. ನೀವು ಕಳಿಸಿದ ಆರು ಫೋಟೋಗಳಲ್ಲಿ ನಾಲ್ಕು ಕಲ್ಲಿನ ಮುಖದ್ದೇ. ತೋಟದ ಕಡೆಯದು ಒಂದು ಬೇಕೇಬೇಕು, ಮಧ್ಯಾಹ್ನ ಸಮೀಪಿಸುವಾಗ ತೆಗೆದದ್ದು. ಪೂರ್ವದ ಗೋಡೆಗೆ ಆಗ ಬಿಸಿಲು ಓರೆಯಾಗಿ ತಾಗುವುದರಿಂದ ಇಟ್ಟಿಗೆಯ ಉಬ್ಬುತಗ್ಗು ಎದ್ದು ಕಾಣುತ್ತದೆ, ರೆಕ್ಕೆಗಳು ಹಳೆಯ ಮನೆಗೆ ಕೂಡುವ ಜಾಗ ಹುಡುಕಲೂ ಅನುಕೂಲ.